ಕೊನೆ ಸ್ವಲ್ಪ ಎಳೆದವ್ನೆ

ಪುಸ್ತಕಗಳ ವಿಷಯದಲ್ಲಿ ಮುನಿಕೃಷ್ಣನಿಗೆ ಒಂದೇ ಒಂದು ಅಭಿಪ್ರಾಯವಿತ್ತು. ಅದು ಎಂಥ ಪುಸ್ತಕಕ್ಕಾದರೂ ಹೊಂದಿಕೊಳ್ಳುತ್ತಿತ್ತು.

"ಚೆನ್ನಾಗೈತೆ. ಕೊನೆ ಸ್ವಲ್ಪ ಎಳೆದವ್ನೆ."

ಹೆಂಡತಿ ವೆಂಕಟಲಕ್ಷ್ಮಿ ಯಾವುದಾದರೂ ಕನ್ನಡ ಪುಸ್ತಕ ಹಿಡಿದು "ಇದನ್ನ ಓದಿದೀರಾ?" ಎಂದು ಕೇಳಿದಾಗಲೆಲ್ಲ ಅವನು ಕಣ್ಣನ್ನು ಅರ್ಧ ಮುಚ್ಚಿ, ಹಳೆಯದನ್ನು ನೆನಪಿಸಿಕೊಳ್ಳುವವನಂತೆ ತಲೆ ಆಡಿಸಿ, ಈ ಮಾತನ್ನು ಹೇಳುತ್ತಿದ್ದ. ಅವಳು ಪುಸ್ತಕ ಮುಗಿಸಿದ ಮೇಲೆ ಯೋಚಿಸಿ ನೋಡಿದರೆ ಕೊನೆ ಸ್ವಲ್ಪ ಎಳೆದಂತೆಯೇ ಇರುತ್ತಿತ್ತು. ಅವನ ಓದಿನ ಮೇಲೆ ಅವಳಿಗೆ ಗೌರವ ಹೆಚ್ಚುತ್ತಿತ್ತು.

ಮುನಿಕೃಷ್ಣನಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಇದರಲ್ಲಿ ಅವನ ತಪ್ಪೇನೂ ಇಲ್ಲ. ಹೊಸೂರಿನ ಪಕ್ಕ, ತಮಿಳುನಾಡಿನ ಗಡಿಯಲ್ಲಿರುವ ಮತ್ತಿಗಿರಿಯಲ್ಲಿ ಮನೆಮಾತು ಕನ್ನಡ, ಶಾಲೆಯ ಮಾತು ತಮಿಳು, ಅತ್ತೆ ಮಗನ ಜೊತೆ ಜಗಳವಾಡುವ ಮಾತು ತೆಲುಗು ಆಗಿರುವ ಗಂಡಸರು ಬೀದಿಗೆ ಹತ್ತು ಜನ ಸಿಗುತ್ತಾರೆ. ಅವರಿಗೆ ಕನ್ನಡದ ಅಕ್ಷರಗಳು ಎಣ್ಣೆಗೆ ಬಿಟ್ಟ ಚಕ್ಕುಲಿಗಳಂತೆ ಕಾಣುತ್ತವೆ. ಅವರು ಮದುವೆಯಾಗಿ ತರುವ ಹೆಣ್ಣುಗಳೋ ಆನೇಕಲ್, ಮಾಲೂರು ಕಡೆಯವರು, ಕನ್ನಡ ಶಾಲೆಯಲ್ಲಿ ಓದಿದವರು. ಹಾಗಾಗಿ ಗಂಡ ಓದುವ ಪೇಪರ್ ಹೆಂಡತಿಗೆ ತಿಳಿಯುವುದಿಲ್ಲ, ಹೆಂಡತಿ ಓದುವ ಪುಸ್ತಕ ಗಂಡನಿಗೆ ತಿಳಿಯುವುದಿಲ್ಲ. ಇಬ್ಬರೂ ಟೀವಿ ನೋಡಿಕೊಂಡು ಅನ್ಯೋನ್ಯವಾಗಿರುತ್ತಾರೆ.

ಮುನಿಕೃಷ್ಣನ ಕಷ್ಟ ಬೇರೆ ಥರದ್ದು. ಅವನ ಮಾವ ತಿಮ್ಮರಾಯಪ್ಪನವರು ಆನೇಕಲ್ ಹತ್ತಿರದ ಹಳ್ಳಿಯೊಂದರಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಹೆಣ್ಣು ನೋಡಲು ಹೋದ ದಿನ ಅವರು ಮಾತಿಲ್ಲದೆ ಒಂದು ಕನ್ನಡ ಪೇಪರನ್ನು ಅವನ ಕೈಗೆ ಕೊಟ್ಟಿದ್ದರು. ಇದು ಪರೀಕ್ಷೆ ಎಂದು ಮುನಿಕೃಷ್ಣನಿಗೆ ತಕ್ಷಣ ಹೊಳೆಯಿತು. ಬೆವರು ಕಿವಿಯ ಹಿಂದೆ ಇಳಿಯುತ್ತಿದ್ದರೂ ಪೇಪರನ್ನು ಮುಖದ ಮುಂದೆ ಹಿಡಿದು, ಆಗಾಗ ಹುಬ್ಬೇರಿಸಿ, ಒಂದು ಕಡೆ "ಛೆ ಛೆ" ಎಂದು ಮರುಗಿ, ಹಾಳೆ ತಿರುವಿ, ಕಾಫಿ ಬರುವವರೆಗೂ ಅಲುಗಾಡದೆ ಕುಳಿತ. ಸಂಬಂಧ ಕುದುರಿತು. ಅಂದಿನಿಂದ ಮಾವ ಬಂದಾಗಲೆಲ್ಲ ಹಣ್ಣಿನ ಬದಲು ಪುಸ್ತಕ ತರುತ್ತಿದ್ದರು. ಮದುವೆಯಾಗಿ ಏಳು ವರ್ಷದಲ್ಲಿ ನಡುಮನೆಯ ಕಪಾಟು ತುಂಬಿತ್ತು.

ಇಷ್ಟಾದರೂ ಗುಟ್ಟು ಗುಟ್ಟಾಗಿಯೇ ಉಳಿಯಬಹುದಿತ್ತು. ಕೆಡಿಸಿದ್ದು ಫ್ಯಾಕ್ಟರಿ.

ಸೂಳಗಿರಿಯ ಹತ್ತಿರ ಲಾರಿ ಸೀಟುಗಳಿಗೆ ಸ್ಪ್ರಿಂಗ್ ಮಾಡುವ ಹೊಸ ಫ್ಯಾಕ್ಟರಿಯೊಂದರಲ್ಲಿ ಮುನಿಕೃಷ್ಣ ಸ್ಟೋರ್ ನೋಡಿಕೊಳ್ಳುತ್ತಿದ್ದ. ಅಲ್ಲಿನ ಎಚ್‌ಆರ್ ಭಾನು ಮೇಡಂ ಉತ್ಸಾಹದ ಹೆಣ್ಣುಮಗಳು. ತಮಿಳು ಅವರ ಮಾತು. ಕೆಲಸಗಾರರಿಗಾಗಿ ಕನ್ನಡ ಕಲಿಯುತ್ತಿದ್ದರು. ಊಟದ ಹೊತ್ತಿನಲ್ಲಿ ಎಲ್ಲರೂ ಫೋನ್ ನೋಡುವುದನ್ನು ಕಂಡು ಕ್ಯಾಂಟೀನಿನಲ್ಲಿ ಒಂದು ಪುಸ್ತಕದ ಶೆಲ್ಫ್ ಇಡಿಸಿದರು. ಪಕ್ಕದಲ್ಲಿ ಒಂದು ಬೋರ್ಡು: ಸಿಬ್ಬಂದಿಯಲ್ಲಿ ಯಾರಾದರೂ ತಾವು ಓದಿ ಮೆಚ್ಚಿದ ಪುಸ್ತಕದ ಬಗ್ಗೆ ನಾಲ್ಕು ಮಾತು ಹೇಳಿದರೆ ಅದನ್ನು ಚೀಟಿಯಲ್ಲಿ ಬರೆದು, ಅವರ ಕಲರ್ ಫೋಟೋ ಸಮೇತ ಅಲ್ಲಿ ಅಂಟಿಸುತ್ತಿದ್ದರು. ತಮಿಳು ಪುಸ್ತಕಗಳಿಗೆ ವೆಲ್ಡಿಂಗ್‌ನವರು, ತೆಲುಗಿಗೆ ಪೇಂಟಿಂಗ್‌ನವರು ಮುಂದೆ ಬಂದರು. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಕನ್ನಡ ಪುಸ್ತಕಗಳ ಸಾಲು ಮಾತ್ರ ಅನಾಥವಾಗಿತ್ತು.

"ಇಲ್ಲಿ ಪಾತಿ... ಅರ್ಧ ಜನ ಕನ್ನಡ ಮಾತಾಡ್ತೀರಲ್ಲ ಅಣ್ಣಾ. ಓದೋರು ಒಬ್ಬರೂ ಇಲ್ವಾ?" ಎಂದು ಭಾನು ಮೇಡಂ ಸಭೆಯಲ್ಲಿ ಕೇಳಿದರು.

ಎಲ್ಲರೂ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ಆ ಮೌನ ತಡೆಯಲಾರದೆ ಮುನಿಕೃಷ್ಣ, ಬರೀ ಮಾತಿಗೆಂದು, "ನಮ್ಮಾವ ಕನ್ನಡ ಮೇಷ್ಟ್ರು ಮೇಡಂ" ಎಂದ.

ಅವನು ಹೇಳಿದ್ದು ಅಷ್ಟೇ. ಆದರೆ ಭಾನು ಮೇಡಂ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದರಿಂದ ಎಲ್ಲರೂ ತಟ್ಟಿದರು. ಚಪ್ಪಾಳೆ ಮುಗಿದ ಮೇಲೆ "ನನಗೆ ಓದೋಕೆ ಬರಲ್ಲ" ಎನ್ನುವುದು ಊಟ ಮಾಡಿ ಎದ್ದ ಮೇಲೆ ನನಗೆ ಹಸಿವಿರಲಿಲ್ಲ ಎಂದ ಹಾಗಾಗುತ್ತದೆ. ಮೇಲಾಗಿ ಫೋಟೋ ತೆಗೆಯಲು ಫೋನು ಎತ್ತಿಯಾಗಿತ್ತು. ಅವನು ತಲೆ ಬಾಚಿಕೊಂಡ.

ಮುನಿಕೃಷ್ಣ ಶೆಲ್ಫಿನಿಂದ ಮೊದಲು ತೆಗೆದದ್ದು ಮುಖಪುಟದಲ್ಲಿ ಒಲೆ ಮತ್ತು ಮಡಕೆ ಇದ್ದ ಪುಸ್ತಕ. ಅದೇ ಮಡಕೆ ಮಾವ ಕೊಟ್ಟ ಪುಸ್ತಕಗಳಲ್ಲೂ ಇತ್ತು, ದಿನಾ ನೋಡಿ ಪರಿಚಯ. ಮಡಕೆ ಎಂದ ಮೇಲೆ ಅಡುಗೆ. ಅವನು ಗಂಟಲು ಸರಿಮಾಡಿಕೊಂಡು ಹೇಳಿದ, ಭಾನು ಮೇಡಂ ಎಲ್ಲರಿಗೂ ಗೊತ್ತಾಗಲೆಂದು ತಮಿಳಿನಲ್ಲಿ ಬರೆದುಕೊಂಡರು: "ಇದು ಅಡುಗೆಯ ಪುಸ್ತಕ. ಮನೆಗೆ ತೆಗೆದುಕೊಂಡು ಹೋಗಿ ಹೆಂಗಸರಿಗೆ ಕೊಡಿ. ಇದನ್ನು ಓದಿದ ಮೇಲೆ ನಿಮ್ಮ ಮನೆಯ ಅಡುಗೆಯೇ ಬದಲಾಗುತ್ತದೆ. ಕೊನೆ ಸ್ವಲ್ಪ ಎಳೆದಿದ್ದಾರೆ."

ಪ್ರೆಸ್ ಸೆಕ್ಷನ್ನಿನ ಯುವರಾಜ್ ಆ ಚೀಟಿಯನ್ನು ಓದಿ, ಹೆಂಡತಿ ಮುನಿರತ್ನಳ ಸಾರನ್ನು ನೆನೆದು, ಪುಸ್ತಕವನ್ನು ಅವತ್ತೇ ಮನೆಗೆ ಒಯ್ದ.

ಅಡುಗೆ ನಿಜವಾಗಿಯೂ ಬದಲಾಯಿತು. ನಿಂತೇ ಹೋಯಿತು.

ಆ ಪುಸ್ತಕ ಒಂದು ಕಾದಂಬರಿ. ಅದರಲ್ಲಿ ಸಾಕಮ್ಮ ಎಂಬ ಗೃಹಿಣಿ ಮೂವತ್ತು ವರ್ಷ ಬೇಯಿಸಿ ಬೇಸತ್ತು, ಒಂದು ಬೆಳಿಗ್ಗೆ ಒಲೆ ಆರಿಸಿ ಜಗುಲಿಗೆ ಬಂದು ಕೂರುತ್ತಾಳೆ. ಮನೆಯವರು ಅನ್ನ ಮಾಡುವುದನ್ನು ಕಲಿಯುವವರೆಗೂ ಎದ್ದೇಳುವುದಿಲ್ಲ. ಮುನಿರತ್ನ ಓದಿ ಮುಗಿಸಿ, ಕಣ್ಣೊರೆಸಿಕೊಂಡು, ಗ್ಯಾಸ್ ಬಂದ್ ಮಾಡಿ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡಳು. ಆಮೇಲೆ ಪುಸ್ತಕವನ್ನು ಪಕ್ಕದ ಮನೆಗೆ ಕೊಟ್ಟಳು.

ಫ್ಯಾಕ್ಟರಿಯ ಬಸ್ ಇಳಿದವರು ನೇರವಾಗಿ ಕ್ಯಾಂಟೀನಿನಲ್ಲಿ ಇಡ್ಲಿಗೆ ನಿಲ್ಲತೊಡಗಿದರು.

"ಏನ್ಲಾ ಮುನಿಕೃಷ್ಣ, ಎಂಥಾ ಪುಸ್ತಕ ಕೊಟ್ಬುಟ್ಟೆ ನನ್ ಕೈಲಿ?" ಎಂದು ಯುವರಾಜ್ ಇಡ್ಲಿಯ ಸಾಲಿನಿಂದಲೇ ಕೂಗಿದ. "ನೆನ್ನೆ ನಾನು ಅನ್ನಕ್ಕಿಟ್ರೆ ಗಂಜಿ ಆಯ್ತು ಕಣ್ಲಾ. ಅವಳು ಕುರ್ಚಿ ಬಿಟ್ಟೇಳಲಿಲ್ಲ. ಕೂತಲ್ಲಿಂದ್ಲೇ ನೀರು ಜಾಸ್ತಿ ಆಯ್ತು ಅಂತಾಳೆ!"

ಮುನಿಕೃಷ್ಣ ಬಾಯಿಗೆ ಬೇರೇನೂ ಬರದೆ, "ಪುಸ್ತಕ ಹೆಂಗಿತ್ತಂತೆ?" ಎಂದ.

"ಪಸಂದಾಗೈತಂತೆ. ಕೊನೆ ಒಂಚೂರು ಎಳೆದವ್ರಂತೆ."

ಉಳಿದವರೂ ಬೈಯುತ್ತಾರೆಂದು ಕಾಯುತ್ತಿದ್ದ ಮುನಿಕೃಷ್ಣನಿಗೆ ಆದದ್ದೇ ಬೇರೆ. ಮತ್ತಿಗಿರಿಯ ಹೆಂಗಸರು ಅವನನ್ನು ಹೊಗಳುತ್ತಿದ್ದರು. ನಿಜ ಹೇಳಿದ್ದರೆ ಯಾವ ಗಂಡಸೂ ಆ ಪುಸ್ತಕವನ್ನು ಮನೆಯೊಳಕ್ಕೆ ಬಿಡುತ್ತಿರಲಿಲ್ಲ, ಅದಕ್ಕೇ ಬೇಕೆಂದು ಅಡುಗೆ ಪುಸ್ತಕ ಎಂದು ಬರೆಸಿದ್ದಾರೆ, ಗಂಡಸರ ಕೈಯಿಂದಲೇ ಹೊರಿಸಿ ತಂದಿದ್ದಾರೆ ಎಂದು ನಲ್ಲಿಯ ಹತ್ತಿರ ತೀರ್ಮಾನವಾಯಿತು. ವೆಂಕಟಲಕ್ಷ್ಮಿ ಬಿಂದಿಗೆ ಹೊತ್ತು ಬಂದವಳು ಗಂಡನನ್ನು ಹೊಸದಾಗಿ ನೋಡಿದಂತೆ ನೋಡಿದಳು.

"ಎಂಥಾ ತಲೆ ರೀ ನಿಮ್ದು! ನಂಗೊಂದು ಮಾತು ಹೇಳಲಿಲ್ವಲ್ಲ."

"ಹೇಳಿದ್ರೆ ಏನು ಮಜಾ," ಎಂದ ಮುನಿಕೃಷ್ಣ. ಅಲ್ಲಿಗೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿತು.

ಭಾನು ಮೇಡಂ ಇನ್ನಷ್ಟು ಪುಸ್ತಕ ಕೇಳಿದರು. ಅವನು ಎರಡನೆಯದಾಗಿ, ಮುಖಪುಟದಲ್ಲಿ ಬಾವಿ, ಎತ್ತು, ಹಸಿರು ಹೊಲ ಇದ್ದ ಪುಸ್ತಕ ಆರಿಸಿದ. ಈ ಸಲ ತಪ್ಪುವ ಮಾತೇ ಇಲ್ಲ. "ಬೇಸಾಯದ ಪುಸ್ತಕ. ನೀರಾವರಿ ಬಗ್ಗೆ ವಿವರವಾಗಿ ಹೇಳಿದ್ದಾರೆ. ಮನೆಯಲ್ಲಿ ವಯಸ್ಸಾದ ರೈತರಿದ್ದರೆ ಓದಿ ಹೇಳಿ."

ಅದನ್ನು ಒಯ್ದವನು ಸೂಪರ್‌ವೈಸರ್ ಪಾಪಯ್ಯ. ಅವನ ತಂದೆ ನರಸಿಂಹಪ್ಪ ಸೂಳಗಿರಿಯ ಆಚೆ ಟೊಮೇಟೊ, ಕೋಸು ಬೆಳೆಯುವ ಹಿರಿಯರು, ಯಾರ ಮಾತನ್ನೂ ಕೇಳುವವರಲ್ಲ. ಸೊಸೆ ಊಟದ ಮೇಲೆ ಓದಿ ಹೇಳಿದಳು. ಮೂರನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಬಾವಿಯೊಳಗಿಂದ ಕೈಯೊಂದು ಮೇಲೆ ಬಂದಿತ್ತು.

"ನಮ್ಮಪ್ಪ ಸಾಯಂಕಾಲ ಮೋಟ್ರು ಹಾಕೋಕೆ ಒಬ್ರೇ ಹೋಗಲ್ಲ ಅಂತಾವ್ರೆ," ಎಂದು ಪಾಪಯ್ಯ ಸ್ಟೋರಿಗೇ ಬಂದು ಹೇಳಿದ. "ಎಪ್ಪತ್ತು ವರ್ಷ ಆ ಬಾವೀಲಿ ಈಜಿದೋರು! ಈಗ ನಾನು ಡ್ಯೂಟಿ ಮುಗಿಸ್ಕೊಂಡು ಹೋಗಿ ಕೈ ಹಿಡ್ಕೊಂಡು ಕರ್ಕೊಂಡು ಹೋಗಬೇಕು. ದಾರಿ ಉದ್ದಕ್ಕೂ ಮಾತು. ಯಾವ ಮರ ಯಾರು ನೆಟ್ಟಿದ್ದು, ಯಾವ ಬದು ಯಾರು ಒತ್ತಿದ್ದು, ಎಲ್ಲಾ ಹೇಳ್ತಾರೆ."

"ತಪ್ಪಾಯ್ತು ಪಾಪಣ್ಣ..." ಎಂದು ಮುನಿಕೃಷ್ಣ ಶುರುಮಾಡಿದ.

"ತಪ್ಪೇನು ಬಂತು. ಅಪ್ಪನ ಹತ್ರ ಇಷ್ಟು ಮಾತಾಡಿ ಎಷ್ಟು ವರ್ಷ ಆಗಿತ್ತೋ." ಪಾಪಯ್ಯ ದನಿ ತಗ್ಗಿಸಿದ. "ಆದ್ರೆ ಒಂದ್ ವಿಷ್ಯ. ನಾನು ರಜಾ ದಿನ ಮಲಗಿದ್ರೆ ಅವ್ರೇ ಬಾವಿ ಹತ್ರ ಹೋಗಿ ಬತ್ತಾರೆ. ನಾನು ಎದ್ದಿದ್ರೆ ಮಾತ್ರ ಭಯ."

ಮೂರನೆಯ ಪುಸ್ತಕದ ಮೇಲೆ ಒಬ್ಬ ಗಂಡಸು, ಒಬ್ಬ ಹೆಂಗಸು ಪಾರ್ಕಿನಲ್ಲಿ ಕೈಕೈ ಹಿಡಿದು ನಗುತ್ತಾ ನಡೆಯುತ್ತಿದ್ದರು. "ಪ್ರೇಮಕಥೆ. ಹೊಸ ಜೋಡಿಗಳು ಓದಲೇಬೇಕು." ಪ್ಯಾಕಿಂಗ್‌ನ ರಘುನಾಥ್‌ಗೆ ಆಗತಾನೆ ಮದುವೆ ಗೊತ್ತಾಗಿತ್ತು. ಅವನು ಅದನ್ನು ಬಣ್ಣದ ಕಾಗದದಲ್ಲಿ ಸುತ್ತಿ, ಮೇಲೊಂದು ಗುಲಾಬಿ ಅಂಟಿಸಿ, ಮಾಲೂರಿನ ಹುಡುಗಿಗೆ ಕಳಿಸಿದ.

ಅದು ಸಕ್ಕರೆ ಕಾಯಿಲೆಯವರು ದಿನಾ ಏನು ತಿನ್ನಬೇಕು, ಎಷ್ಟು ನಡೆಯಬೇಕು ಎಂದು ತಿಳಿಸುವ ಪುಸ್ತಕ.

ಹುಡುಗಿ ಅದನ್ನು ಓದಿ, ತಾಯಿಗೆ ತೋರಿಸಿ, ತಾಯಿ ತಂದೆಗೆ ತೋರಿಸಿ, ತಂದೆ ಬಚ್ಚಪ್ಪ ಬಸ್ ಹತ್ತಿ ಫ್ಯಾಕ್ಟರಿಯ ಗೇಟಿಗೆ ಬಂದು ನಿಂತರು. ಬಿಳಿ ಪಂಚೆ, ಬಿಳಿ ಮೀಸೆ, ಕಂಕುಳಲ್ಲಿ ಪುಸ್ತಕ.

"ನಮ್ ಅಳಿಯ ಆಗೋ ಹುಡುಗನಿಗೆ ಶುಗರ್ ಐತಂತೆ. ಬಾಯಲ್ಲಿ ಹೇಳೋಕೆ ನಾಚ್ಕೊಂಡು ಪುಸ್ತಕದಲ್ಲಿ ಹೇಳಿ ಕಳಿಸವ್ನೆ," ಎಂದು ಸೆಕ್ಯೂರಿಟಿಯವನಿಗೆ ಹೇಳಿದರು. "ಒಳ್ಳೇತನ ಮೆಚ್ಚಿದೆ. ಆದ್ರೆ ಹೆಣ್ಣು ಕೊಡೋನು ನಾನು, ವಿಚಾರಿಸಬೇಕೋ ಬ್ಯಾಡ್ವೋ?"

ರಘುನಾಥ್ ಓಡಿಬಂದ. ತನಗೇನೂ ಇಲ್ಲವೆಂದು ಆಣೆ ಇಟ್ಟ. ಇಲ್ಲದವನು ಯಾಕೆ ಪುಸ್ತಕ ಕಳಿಸುತ್ತಾನೆ ಎಂದು ಕೇಳಿದ್ದಕ್ಕೆ ಇನ್ನೊಂದು ಆಣೆ ಇಟ್ಟ. ಕೊನೆಗೆ ಭಾನು ಮೇಡಂ ಇಬ್ಬರನ್ನೂ ಫಸ್ಟ್ ಏಡ್ ರೂಮಿಗೆ ಕರೆದುಕೊಂಡು ಹೋದರು. ನರ್ಸಮ್ಮ ರಘುನಾಥನ ಬೆರಳು ಚುಚ್ಚಿದರು. ಶುಗರ್ ಇರಲಿಲ್ಲ. ಬಚ್ಚಪ್ಪನವರು ನಿಟ್ಟುಸಿರು ಬಿಟ್ಟು, "ನಂದೂ ಒಂದು ಚುಚ್ಚಿಬುಡಮ್ಮ, ಬಂದಿದೀನಲ್ಲ" ಎಂದು ಬೆರಳು ನೀಡಿದರು.

ಇತ್ತು. ಚೆನ್ನಾಗಿಯೇ ಇತ್ತು.

ಬಚ್ಚಪ್ಪನವರು ಪುಸ್ತಕವನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡರು. "ಯಾರಪ್ಪಾ ಈ ಪುಸ್ತಕ ಆರಿಸಿ ಕೊಟ್ಟೋನು? ಅವನ ಕಾಲಿಗೆ ಬೀಳಬೇಕು" ಎಂದರು.

ಇಷ್ಟು ನೋಡಿದ ಮೇಲೆ ಭಾನು ಮೇಡಂಗೆ ತಡೆಯಲಾಗಲಿಲ್ಲ. ಮುನಿಕೃಷ್ಣಣ್ಣ ಪುಸ್ತಕವನ್ನಲ್ಲ, ಓದುವವರನ್ನು ಓದುತ್ತಾರೆ ಎಂದು ಅವರು ಮ್ಯಾನೇಜರಿಗೆ ಹೇಳಿದರು. ಬರುವ ಭಾನುವಾರ ಕ್ಯಾಂಟೀನಿನಲ್ಲಿ ಓದುಗರ ದಿನ. ಎಲ್ಲರೂ ಕುಟುಂಬದ ಸಮೇತ ಬರಬೇಕು. ಮುನಿಕೃಷ್ಣ ಮಡಕೆ ಪುಸ್ತಕದಿಂದ ಒಂದೆರಡು ಪುಟ ಜೋರಾಗಿ ಓದುತ್ತಾರೆ.

ಮುನಿಕೃಷ್ಣ ಮನೆಗೆ ಬಂದು, ಭಾನುವಾರ ಯಾರದಾದರೂ ಗೃಹಪ್ರವೇಶ ಇದೆಯೇ ಎಂದು ಕೇಳಿದ. ನಲ್ಲಿಯ ಹತ್ತಿರ ಸುದ್ದಿ ತಿಳಿದ ವೆಂಕಟಲಕ್ಷ್ಮಿ ಆಗಲೇ ತಂದೆಗೆ ಫೋನ್ ಮಾಡಿಯಾಗಿತ್ತು.

"ಅಪ್ಪ ಬತ್ತಾರಂತೆ. ಏಳು ವರ್ಷದಲ್ಲಿ ಒಂದ್ ದಿನಾನೂ ನೀವು ಓದೋದು ಕೇಳೇ ಇಲ್ಲ, ಕೇಳಬೇಕು ಅಂತ ಅವರಿಗೂ ಆಸೆ. ನಂಗೂ ಅಷ್ಟೆ."

ಆ ಮಾತು ಹೇಳುವಾಗ ಅವಳ ಮುಖದಲ್ಲಿದ್ದ ಬೆಳಕನ್ನು ಕಂಡು ಮುನಿಕೃಷ್ಣನಿಗೆ ಜ್ವರ ಬಂದಂತಾಯಿತು. ಮ್ಯಾನೇಜರು ನಕ್ಕರೆ ನಗಲಿ, ಪಾಪಯ್ಯ ಆಡಿಕೊಂಡರೆ ಆಡಿಕೊಳ್ಳಲಿ. ಆದರೆ ಈ ಬೆಳಕು ಆರಬಾರದು.

ಮೊದಲು ಅವನು ಕಲಿಯಲು ನೋಡಿದ. ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಕರ್ನಾಟಕದ ಬಸ್ಸುಗಳು ನಿಲ್ಲುತ್ತವೆ. ಬಸ್ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತು. ಆದ್ದರಿಂದ ಬೋರ್ಡಿನಲ್ಲಿ ಏನು ಬರೆದಿದೆ ಎಂದೂ ಗೊತ್ತು. ಹಾಗೆಯೇ ಒಂದೊಂದು ಅಕ್ಷರ ಹಿಡಿಯಬಹುದು. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆನೇಕಲ್ ಬಸ್ಸಿನ ಮುಂದೆ ನಿಂತು ಬೋರ್ಡನ್ನು ದಿಟ್ಟಿಸುತ್ತಾ "ಆ... ನೇ..." ಎನ್ನುತ್ತಿದ್ದಾಗ ಕಂಡಕ್ಟರು, ಪಾಪ ಕಣ್ಣು ಕಾಣದವರೆಂದು ತಿಳಿದು, ಕೈ ಹಿಡಿದು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ರೈಟ್ ಅಂದ. ಮುನಿಕೃಷ್ಣ ಅತ್ತಿಬೆಲೆಯಲ್ಲಿ ಇಳಿದು ವಾಪಸ್ ಬಂದ. ಅಲ್ಲಿಗೆ ವಿದ್ಯಾಭ್ಯಾಸ ಮುಗಿಯಿತು.

ಉಳಿದದ್ದು ಬಾಯಿಪಾಠ. ಅವನು ಕಣ್ಣುಜ್ಜಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ.

"ಕಣ್ಣು ಉರೀತೈತೆ ಕಣೆ. ಭಾನುವಾರ ಓದೋ ಪುಟಾನ ನೀನೇ ಒಂದ್ಸಲ ಓದು, ಕೇಳಿಸ್ಕೊತೀನಿ."

ಗಂಡ ತನ್ನನ್ನು ಓದೆಂದು ಕೇಳಿದ್ದಕ್ಕೆ ವೆಂಕಟಲಕ್ಷ್ಮಿಗೆ ಎಷ್ಟು ಖುಷಿಯಾಯಿತೆಂದರೆ, ಪುಸ್ತಕವನ್ನು ಕಾಳಿನ ಡಬ್ಬಕ್ಕೆ ಒರಗಿಸಿ, ಒಂದು ಕೈಯಲ್ಲಿ ಸೌಟು ಹಿಡಿದು ಅಲ್ಲೇ ಶುರುಮಾಡಿದಳು. ಮುನಿಕೃಷ್ಣ ಫೋನಿನಲ್ಲಿ ರೆಕಾರ್ಡ್ ಒತ್ತಿ ಡಬ್ಬದ ಹಿಂದೆ ಇಟ್ಟು, ಮೆಲ್ಲಗೆ ನಡುಮನೆಗೆ ಜಾರಿದ. ಅವಳು ನಡುನಡುವೆ ಒಲೆ ನೋಡುತ್ತಾ, ಮಗು ಚಿನ್ನುವನ್ನು ಗದರುತ್ತಾ, ಬೀದಿಗೆ ಕಿವಿಕೊಡುತ್ತಾ, ಮನೆಗೆಲಸ ಮಾಡುವ ಹೆಂಗಸರು ಹೇಗೆ ಓದುತ್ತಾರೋ ಹಾಗೆ ಓದಿದಳು. ಓದಿನ ಮಾತಿಗೂ ಕೆಲಸದ ಮಾತಿಗೂ ಅವಳ ದನಿ ಒಂದೇ.

ಮುನಿಕೃಷ್ಣ ಅದನ್ನು ಕಂಪನಿ ಬಸ್ಸಿನಲ್ಲಿ ಹೋಗುವಾಗ ಬರುವಾಗ ಕಿವಿಗೆ ಹಾಕಿಕೊಂಡು, ಒಂದಕ್ಷರ ಬಿಡದೆ ಉರುಹೊಡೆದ. ಕೆಲವು ಕಡೆ ಅವನಿಗೂ ಅನುಮಾನ ಬಂತು. ಇದು ಪುಸ್ತಕದ್ದೋ, ವೆಂಕಟಲಕ್ಷ್ಮಿಯದೋ? ಆದರೆ ಒಲೆಯ ಕಥೆಯಲ್ಲಿ ಹಾಲು ಉಕ್ಕದೆ ಇನ್ನೆಲ್ಲಿ ಉಕ್ಕಬೇಕು? ಬರೆದವರು ದೊಡ್ಡವರು, ಏನಾದರೂ ಅರ್ಥ ಇಟ್ಟೇ ಬರೆದಿರುತ್ತಾರೆ. ಬಿಟ್ಟು ಕೆಡುವುದಕ್ಕಿಂತ ಸೇರಿಸಿ ಕೆಡುವುದು ಮೇಲೆಂದು ಎಲ್ಲವನ್ನೂ ಇಟ್ಟುಕೊಂಡ.

ಭಾನುವಾರ ಕ್ಯಾಂಟೀನು ತುಂಬಿತು. ಮುಂದಿನ ಸಾಲಿನಲ್ಲಿ ತಿಮ್ಮರಾಯಪ್ಪನವರು ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಮಗಳ ಮನೆಯ ಪುಸ್ತಕವನ್ನು ತೊಡೆಯ ಮೇಲೆ ತೆರೆದು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಕುಳಿತಿದ್ದರು. ಮೇಷ್ಟ್ರ ಬೆರಳು. ಪಕ್ಕದಲ್ಲಿ ವೆಂಕಟಲಕ್ಷ್ಮಿ, ಮಡಿಲಲ್ಲಿ ಚಿನ್ನು. ಹಿಂದೆ ಯುವರಾಜ್, ಮುನಿರತ್ನ, ಪಾಪಯ್ಯನ ಕೈ ಹಿಡಿದ ನರಸಿಂಹಪ್ಪ, ಸಿಹಿಯಿಲ್ಲದ ಟೀ ಕುಡಿಯುತ್ತಿದ್ದ ಬಚ್ಚಪ್ಪ.

ಮುನಿಕೃಷ್ಣ ಮೈಕಿನ ಮುಂದೆ ನಿಂತು ಪುಸ್ತಕ ತೆರೆದ. ದನಿ ಕಂಚಿನಂತೆ ಬಂತು.

"ಸಾಕಮ್ಮ ಒಲೆಯ ಮುಂದೆ ಕುಳಿತಳು. ಮೂವತ್ತು ವರ್ಷ ಉರಿದ ಒಲೆ ಅದು. ಅವಳು ಕೊಳ್ಳಿಯನ್ನು ಹಿಂದಕ್ಕೆ ಎಳೆದಳು. ಇನ್ನು ಈ ಒಲೆಯನ್ನು ನಾನು ಹಚ್ಚುವುದಿಲ್ಲ ಎಂದಳು. ತಾಳಿ, ಹಾಲುಕ್ಕುತ್ತೆ."

ಹೆಂಗಸರ ಕಡೆಯಿಂದ ಮೆಚ್ಚುಗೆಯ ಗುಜುಗುಜು ಎದ್ದಿತು. ತಿಮ್ಮರಾಯಪ್ಪನವರ ಬೆರಳು ನಿಂತಿತು.

"ಅತ್ತೆ ಬಾಗಿಲಿಗೆ ಬಂದು ನಿಂತರು. ಮಾವ ಕೆಮ್ಮಿದರು. ಗಂಡ ಏನೂ ತಿಳಿಯದವನಂತೆ ಮೀಸೆ ತಿರುವಿದ. ಕುಕ್ಕರ್ ಎಷ್ಟ್ ಕೂಗ್ತು, ಎರಡಾ ಮೂರಾ? ಯಾರೂ ಉತ್ತರ ಕೊಡಲಿಲ್ಲ."

"ನಿಜ ಕಣಮ್ಮ, ಯಾರೂ ಕೊಡಲ್ಲ," ಎಂದು ಹಿಂದಿನಿಂದ ಒಬ್ಬಾಕೆ ನಿಟ್ಟುಸಿರು ಬಿಟ್ಟಳು. ವೆಂಕಟಲಕ್ಷ್ಮಿಯ ಕೈ ನಿಧಾನವಾಗಿ ಬಾಯಿಯ ಮೇಲೆ ಹೋಯಿತು.

"ಮನೆಯೆಲ್ಲ ಮೌನ. ಜಗುಲಿಯ ಮೇಲೆ ಬಿಸಿಲು ಬಿದ್ದಿತ್ತು. ರೀ, ಈರುಳ್ಳಿ ಗಾಡಿ ಹೋಯ್ತಾ ನೋಡಿ, ಎರಡು ಕೆಜಿ ತಕ್ಕೊಳ್ಳಿ. ಸಾಕಮ್ಮನ ಕಣ್ಣಲ್ಲಿ ನೀರು ತುಂಬಿತು. ಲೇ ಚಿನ್ನು, ಮೆಣಸಿನಕಾಯಿ ಬಾಯಿಗಿಕ್ಕಬ್ಯಾಡ ಎಂದು ಗಂಡ ಬೇಡಿಕೊಂಡ."

ತನ್ನ ಹೆಸರು ಕೇಳಿ ಚಿನ್ನು ಮಡಿಲಿನಿಂದಲೇ "ಇಲ್ಲಪ್ಪಾ, ಇಕ್ಕಲ್ಲ" ಎಂದು ಕೂಗಿದಳು.

ಮುನಿಕೃಷ್ಣ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮುಂದಿನದು ಮರೆಯುತ್ತದೆ. ಪುಟದ ಕೆಳಗಿನ ಸಾಲು ದಾಟಿತು, ಇನ್ನೊಂದು ಪುಟವೂ ದಾಟಿತು, ಪುಸ್ತಕ ಮಾತ್ರ ತೆರೆದಲ್ಲೇ ಇತ್ತು. ಕಡೆಗೆ ಅವನು ಕೈಯೆತ್ತಿ, ಭಾವ ತುಂಬಿ, "ಸಾಕು. ಮಿಕ್ಕಿದ್ದು ನಾಳೆ ಓದ್ತೀನಿ, ಸೊಂಟ ಹಿಡ್ಕೊಂಡೈತೆ!" ಎಂದು ಮುಗಿಸಿದ.

ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುನಿರತ್ನ ಮಾತ್ರ, "ಈ ಈರುಳ್ಳಿ ಗಾಡಿ ನಾನು ಓದಿದ ಪುಸ್ತಕದಲ್ಲಿ ಬರಲೇ ಇಲ್ವಲ್ಲ?" ಎಂದಳು.

ತಿಮ್ಮರಾಯಪ್ಪನವರು ಕನ್ನಡಕ ತೆಗೆದು ಮಡಿಸಿದರು. "ಅಳಿಯಂದ್ರೇ," ಎಂದರು ಮೃದುವಾಗಿ, "ಪುಟ ತಿರುವಲಿಲ್ಲ."

ಮುನಿಕೃಷ್ಣ ಪುಸ್ತಕವನ್ನು ನೋಡಿದ. ಮಾವನನ್ನು ನೋಡಿದ. ಹೆಂಡತಿಯನ್ನು ನೋಡಲು ಧೈರ್ಯ ಬರಲಿಲ್ಲ. ಮೈಕು ಇನ್ನೂ ಆನ್ ಆಗಿಯೇ ಇತ್ತು.

"ನಂಗೆ ಕನ್ನಡ ಓದೋಕೆ ಬರಲ್ಲ ಮಾವ."

ಮೊದಲು ಬಾಯಿ ಬಂದದ್ದು ಭಾನು ಮೇಡಂಗೆ.

"ಅಪ್ಪೋ... ಹಾಗಾದ್ರೆ ಅಡುಗೆ ಪುಸ್ತಕ ಅಂತ ಬರೆಸಿದ್ದು?"

"ಮಡಕೆ ಇತ್ತು ಮೇಡಂ."

"ಬೇಸಾಯ?"

"ಎತ್ತಿತ್ತು."

"ಪ್ರೇಮಕಥೆ?"

"ಇಬ್ರೂ ನಗ್ತಾ ಇದ್ರು ಮೇಡಂ."

"ಶುಗರ್ ಇದ್ದೋರು ಯಾಕಪ್ಪಾ ನಗ್ತಾರೆ?" ಎಂದರು ಬಚ್ಚಪ್ಪ ತಮ್ಮ ಟೀಯನ್ನು ನೋಡುತ್ತಾ. ನರಸಿಂಹಪ್ಪನವರು ಮಗನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಆದರೂ ಬಾವಿಯಲ್ಲಿ ಏನೋ ಇರುವುದು ಖಂಡಿತ ಎಂದರು. ಯುವರಾಜ್ ಎದ್ದು, "ನಂಗೂ ಕನ್ನಡ ಓದೋಕೆ ಬರಲ್ಲ. ಅದಕ್ಕೇ ನಿನ್ ಮಾತು ನಂಬಿ ಕೆಟ್ಟೆ ಕಣ್ಲಾ" ಎಂದು ಕೂತ. ಅಲ್ಲಿಂದ ನಗು ಶುರುವಾಯಿತು.

ಮುನಿಕೃಷ್ಣ ಕೆಳಗಿಳಿದು ಮಾವನ ಮುಂದೆ ಕೈಕಟ್ಟಿ ನಿಂತ. "ಅವತ್ತು ಹೆಣ್ಣು ನೋಡೋಕೆ ಬಂದಾಗ ನೀವು ಪೇಪರ್ ಕೊಟ್ಟು ಪರೀಕ್ಷೆ ಮಾಡಿದ್ರಿ. ಬರಲ್ಲ ಅಂದ್ರೆ ಎಲ್ಲಿ ಹೆಣ್ಣು ಕೊಡಲ್ವೋ ಅಂತ..."

"ಯಾವ ಪರೀಕ್ಷೆ?" ತಿಮ್ಮರಾಯಪ್ಪನವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. "ಅಯ್ಯೋ, ಅವತ್ತು ಕರೆಂಟ್ ಹೋಗಿತ್ತಲ್ಲಪ್ಪ! ನೀವು ಬೆವರ್ತಾ ಇದ್ರಿ. ಬೀಸ್ಕೊಳ್ಳಿ ಅಂತ ಪೇಪರ್ ಕೊಟ್ಟೆ. ನೀವು ನೋಡಿದ್ರೆ ಬೆವರು ಸುರಿಸ್ಕೊಂಡೇ ಓದ್ತಾ ಕೂತ್ಬಿಟ್ರಿ. ಪುಸ್ತಕದ ಹುಚ್ಚು ಅಂದ್ರೆ ಇದು ಅಂದ್ಕೊಂಡು ಅವತ್ತಿಂದ ಪುಸ್ತಕ ತರ್ತಾ ಇದೀನಿ. ಹಣ್ಣೇ ತರಬಹುದಿತ್ತು!"

ಎಲ್ಲರೂ ನಕ್ಕರು. ವೆಂಕಟಲಕ್ಷ್ಮಿ ನಗಲಿಲ್ಲ.

ಅವಳು ಮನೆಗೆ ಬಂದು ಸೀರೆ ಬದಲಿಸಿ, ಹಾಲು ಒಲೆಗಿಟ್ಟು, ಅದನ್ನೇ ನೋಡುತ್ತಾ ನಿಂತಳು. ಮುನಿಕೃಷ್ಣ ಅಡುಗೆಮನೆಯ ಬಾಗಿಲಲ್ಲಿ ಹೊಸ್ತಿಲು ದಾಟದೆ ನಿಂತ.

"ಓದೋಕೆ ಬರದೇ ಇದ್ರೆ ಬರಲ್ಲ," ಎಂದಳು ಕೊನೆಗೆ. "ಅದಕ್ಕಲ್ಲ ನಂಗೆ ಬೇಜಾರು. ಓದಿದ್ ಕಥೆ ಎಲ್ಲಾ ನಿಮ್ಮ ಹತ್ರ ಹೇಳ್ಕೊಂಡೆ. ನಿಮಗೂ ಗೊತ್ತೈತೆ ಅಂತ ಹೇಳ್ಕೊಂಡೆ. ಏಳು ವರ್ಷ ನಾನೊಬ್ಬಳೇ ಮಾತಾಡ್ದಂಗಾಯ್ತಲ್ಲ ರೀ."

"ನಾನು ಕೇಳಿಸ್ಕೊತಿದ್ದೆ ಕಣೆ."

"ಏನ್ ಕೇಳಿಸ್ಕೊಂಡ್ರಿ?"

ಮುನಿಕೃಷ್ಣ ಯೋಚಿಸಿದ. "ಆ ಲಾರಿ ಡ್ರೈವರ್ ಹೆಂಡತಿ ತವರಿಗೆ ಹೋಗ್ಬುಟ್ಳಲ್ಲ, ಕೋಳಿ ಎಲ್ಲಾ ಪಕ್ಕದ ಮನೇಲಿ ಬಿಟ್ಟು. ಅವಳು ವಾಪಸ್ ಬಂದ್ಲಾ ಇಲ್ವಾ ಅಂತ ನೀನು ಹೇಳಲೇ ಇಲ್ಲ. ಅಷ್ಟೊತ್ತಿಗೆ ಚಿನ್ನು ಹುಟ್ಟಿದ್ಲು. ಓದಿದೀನಿ ಅಂತ ಹೇಳಿಬಿಟ್ಟಿದ್ದೆ, ಕೇಳೋಕಾಗಲಿಲ್ಲ. ನಾಕು ವರ್ಷ ಆಯ್ತು ನಂಗೆ ಅದೇ ಯೋಚ್ನೆ."

ವೆಂಕಟಲಕ್ಷ್ಮಿ ತಿರುಗಿ ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಬಂದ್ಲು," ಎಂದಳು. "ಕೋಳಿಗೋಸ್ಕರ."

ಹಾಲಿನ ಉರಿ ತಗ್ಗಿಸಿ ಮತ್ತೆ ಹೇಳಿದಳು: "ನಾನು ನಿಮ್ಮನ್ನ ಒಪ್ಪಿದ್ದು ಪೇಪರ್ ಹಿಡ್ಕೊಂಡಿದ್ದಕ್ಕಲ್ಲ. ಕಾಫಿ ಕುಡಿದ ಲೋಟಾನ ನೀವೇ ಒಳಕ್ಕೆ ತಂದಿಕ್ಕಿದ್ರಲ್ಲ, ಅದಕ್ಕೆ."

ಪೇಪರು ಹಿಡಿದಿದ್ದರಿಂದ ಲೋಟ ಎಲ್ಲಿಡುವುದೆಂದು ತೋಚದೆ ಒಳಗೆ ಹೋದದ್ದು ಎಂಬ ಮಾತು ಮುನಿಕೃಷ್ಣನ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿಕೊಂಡ.

ಮಾರನೆಯ ದಿನದಿಂದ ಪಾಠ ಶುರುವಾಯಿತು. ಅವನು ಈರುಳ್ಳಿ ಹೆಚ್ಚುತ್ತಿದ್ದ, ಅವಳು ಚಿನ್ನುವಿನ ಸ್ಲೇಟಿನ ಮೇಲೆ ಅಕ್ಷರ ಬರೆದು ತೋರಿಸುತ್ತಿದ್ದಳು. ಕ್ಯಾಂಟೀನಿನ ಚೀಟಿಗಳನ್ನು ಭಾನು ಮೇಡಂ ತೆಗೆಸಲಿಲ್ಲ. ಅವನ್ನು ನಂಬಿ ಪುಸ್ತಕ ಒಯ್ಯುವವರು ಹೆಚ್ಚಾಗಿದ್ದರು. ಮಳೆಗಾಲ ಕಳೆಯಿತು, ಚಳಿ ಬಂತು. ಆನೇಕಲ್ ಬಸ್ಸಿನ ಬೋರ್ಡನ್ನು ಮುನಿಕೃಷ್ಣ ನಡೆಯುತ್ತಲೇ ಓದಿದ. ಮಡಕೆ ಪುಸ್ತಕವನ್ನು ಮೊದಲ ಪುಟದಿಂದ ಹಿಡಿದ.

ಒಂದು ಸಾಯಂಕಾಲ ಅವನು ಕೊನೆಯ ಪುಟದಲ್ಲಿದ್ದ. ವೆಂಕಟಲಕ್ಷ್ಮಿ ಗೋಡೆಗೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅವನು ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದವನ್ನು ಕೈಹಿಡಿದು ದಾಟಿಸುವಂತೆ ಓದುತ್ತಿದ್ದ.

"ಸಾಕಮ್ಮ... ಎದ್ದು... ಒಳಗೆ ಬಂದಳು. ಗಂಡ... ತಟ್ಟೆಗೆ ಅನ್ನ... ಬಡಿಸಿದ." ಅವನು ತಲೆಯೆತ್ತಿದ. "ಹಾಲುಕ್ಕುತ್ತೆ."

"ಅದು ಪುಸ್ತಕದಲ್ಲಿಲ್ಲ," ಎಂದಳು ಅವಳು ಕಣ್ಣು ತೆರೆಯದೆ, ನಗುತ್ತಾ. "ಮುಂದಕ್ಕೆ ಓದಿ."

ಹೆಂಡತಿಯ ಮಾತು ಮೀರಬಾರದೆಂದು ಅವನು ಮುಂದಕ್ಕೆ ಓದಿದ. ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಪುಸ್ತಕವೂ ಮುಗಿದಿತ್ತು, ಹಾಲೂ ಮುಗಿದಿತ್ತು.

ಇಬ್ಬರೂ ಒಂದೊಂದು ಬಟ್ಟೆ ಹಿಡಿದು ಒಲೆ ಒರೆಸಿದರು.

"ಸರಿ, ಪುಸ್ತಕ ಹೆಂಗಿತ್ತು?" ಎಂದು ವೆಂಕಟಲಕ್ಷ್ಮಿ ಕೇಳಿದಳು.

ಮುನಿಕೃಷ್ಣ ಕಣ್ಣನ್ನು ಅರ್ಧ ಮುಚ್ಚಿದ. ಈ ಸಲ ನಿಜವಾಗಿಯೂ ನೆನಪಿಸಿಕೊಂಡ.

"ಚೆನ್ನಾಗೈತೆ," ಎಂದ. "ಕೊನೆ ಇನ್ನೊಂಚೂರು ಎಳೀಬಹುದಿತ್ತು."